ಹೊನ್ನಾವರದ ಹನ್ನೆರಡು ತಿಂಗಳು

ಮಂಗಳೂರಿನಿಂದ ಹೆದ್ದಾರಿ ಹಿಡಿದು ಉತ್ತರಾಭಿಮುಖವಾಗಿ ಹೊರಟ ಯಾತ್ರಿಕನು, ಮುರುಡೇಶ್ವರದ ಬೃಹದಾಕಾರದ ಶಿವಮೂರ್ತಿಯೆದುರು ನಿಂತು ಚಿತ್ರ ತೆಗೆಸಿಕೊಂಡು, ಇಡಗುಂಜಿಯ ಗಣಪತಿಗೆ ಕೈಮುಗಿದು, ಇನ್ನು ಸಂಜೆಯೊಳಗೆ ಗೋಕರ್ಣವನ್ನು ಸೇರಬೇಕೆಂಬ ತ್ವರೆಯಲ್ಲಿ ಸಾಗುತ್ತಿರುವಾಗ, ಹಠಾತ್ತನೆ ಎಡಬಲಗಳೆರಡೂ ನೀರಾಗಿ, ಎದುರಿಗೆ ತೆಂಗಿನ ತೋಟಗಳ ಒಂದು ಹಸುರು ಗೆರೆ ಮಾತ್ರ ಉಳಿದು, ಶರಾವತಿಯ ಸೇತುವೆಯ ಮೇಲಿನ ಆ ಒಂದೆರಡು ನಿಮಿಷ ಅವನ ಮಾತು ನಿಲ್ಲುವುದುಂಟು. ಸೇತುವೆ ಮುಗಿದೊಡನೆ ಪೇಟೆ, ಬಸ್ ನಿಲ್ದಾಣ, ಜೋಗದ ಕಡೆಗೆ ತಿರುಗುವ ರಸ್ತೆಯ ಫಲಕ. ಅವನು ಇಳಿದು ಚಹಾ ಕುಡಿದು ಮುಂದಕ್ಕೆ ಹೋಗುತ್ತಾನೆ. ಉತ್ತರಕನ್ನಡದ ಕಡಲಂಚಿನ ಊರುಗಳಲ್ಲಿ ಹೀಗೆ ಒಂದು ಲೋಟ ಚಹಾದ ಮಟ್ಟಿಗೆ ಮಾತ್ರ ಗಣನೆಗೆ ಬರುವ ಊರು ಹೊನ್ನಾವರ. ವರ್ಷದ ಬೇರೆಬೇರೆ ಋತುಗಳಲ್ಲಿ ಅಲ್ಲಿಗೆ ಹೋಗಿ ಬರುವ ಅಭ್ಯಾಸವನ್ನು ಬಹುಕಾಲದಿಂದ ಇಟ್ಟುಕೊಂಡಿರುವ ನನಗಾದರೋ, ಈ ಕರಾವಳಿಯಲ್ಲಿ ಕಡಲನ್ನು ಅದರ ಸಕಲ ಸ್ವಭಾವಗಳೊಡನೆ ನೋಡಬೇಕೆಂಬವರಿಗೆ ಇದಕ್ಕಿಂತ ಅನುಕೂಲವಾದ ಊರು ಮತ್ತೊಂದಿದೆಯೆಂದು ಅನ್ನಿಸುವುದಿಲ್ಲ.

ಈ ಉಪೇಕ್ಷೆಗೆ ಊರಿನ ನಿಲುವೇ ಅರ್ಧ ಕಾರಣ. ಹೊನ್ನಾವರ ಪಟ್ಟಣವು ಕಡಲಿಗೆ ಮುಖಮಾಡಿ ಕಟ್ಟಿದ್ದಲ್ಲ; ಅದು ನದಿಗೆ ಮುಖಮಾಡಿ ಕುಳಿತಿದೆ. ಪೇಟೆಯಲ್ಲಿ ಅರ್ಧ ದಿನ ಅಲೆದರೂ ಸಮುದ್ರವು ಕಣ್ಣಿಗೆ ಬೀಳದು. ಮೀನಿನ ವಾಸನೆ, ಉಪ್ಪುಗಾಳಿಗೆ ತುಕ್ಕುಹಿಡಿದ ಕಿಟಕಿಯ ಸರಳುಗಳು, ಮಳೆಗಾಲದ ರಾತ್ರಿಗಳಲ್ಲಿ ಪಶ್ಚಿಮದಿಂದ ಎಡೆಬಿಡದೆ ಬರುವ ಗರ್ಜನೆ, ಇಷ್ಟರಿಂದಲೇ ಅದರ ಸಾಮೀಪ್ಯವನ್ನು ಊಹಿಸಿಕೊಳ್ಳಬೇಕು. ನಿಜವಾದ ತೀರವನ್ನು ಕಾಣಬೇಕಾದರೆ ಸೇತುವೆ ದಾಟಿ ದಕ್ಷಿಣದ ಕಾಸರಕೋಡಿಗೆ ಹೋಗಬೇಕು, ಇಲ್ಲವೇ ಉತ್ತರದಲ್ಲಿ ಕರ್ಕಿ, ಪಾವಿನಕುರ್ವೆಗಳ ಮರಳದಂಡೆಗೆ ಹೋಗಬೇಕು. ಊರನ್ನು ಹೀಗೆ ಕಟ್ಟಿದವರು ಮಾತ್ರ ಅವಿವೇಕಿಗಳಾಗಿರಲಿಲ್ಲ. ಘಟ್ಟದ ಮೇಲಣ ಕರಿಮೆಣಸು ಗೇರುಸೊಪ್ಪೆಯ ಮಾರ್ಗವಾಗಿ ದೋಣಿಗಳಲ್ಲಿ ಇಳಿದು ಬರುತ್ತಿದ್ದ ಕಾಲದಲ್ಲಿ, ಆ ಮೆಣಸಿನ ವ್ಯಾಪಾರದಿಂದಲೇ ರಾಣಿ ಚೆನ್ನಭೈರಾದೇವಿಗೆ ಪೋರ್ಚುಗೀಸರಿಂದ ‘ಮೆಣಸಿನ ರಾಣಿ’ಯೆಂಬ ಹೆಸರು ಬಂದ ಕಾಲದಲ್ಲಿ, ಹಡಗುಗಳಿಗೆ ಬೇಕಾಗಿದ್ದದ್ದು ತೆರೆಯ ಸೌಂದರ್ಯವಲ್ಲ, ತೆರೆಯಿಂದ ರಕ್ಷಣೆ; ಅಳಿವೆಯನ್ನು ದಾಟಿ ಒಳಸರಿದ ನಿಶ್ಚಲವಾದ ನದಿಯ ನೀರು ಅದನ್ನು ಕೊಡುತ್ತಿತ್ತು. 1510ರಲ್ಲಿ ಗೋವೆಯನ್ನು ಹಿಡಿಯಲು ಆಲ್ಬುಕರ್ಕನಿಗೆ ನೆರವಾದ ತಿಮ್ಮೋಜನ ಹಡಗುಗಳು ನಿಲ್ಲುತ್ತಿದ್ದುದೂ ಈ ನೀರಿನಲ್ಲಿಯೇ.

ಕರಾವಳಿಯವನಿಗೆ ವರ್ಷಾರಂಭವೆಂದರೆ ಮಳೆ. ರೋಹಿಣಿ ಮುಗಿದು ಮೃಗಶಿರಾ ಹಿಡಿಯುವ ಜೂನ್ ತಿಂಗಳ ಮೊದಲ ವಾರಗಳಲ್ಲಿ ಹೊನ್ನಾವರಕ್ಕೆ ಹೋಗುತ್ತೇನೆಂದರೆ ಘಟ್ಟದ ಮೇಲಿನ ನನ್ನ ಮಿತ್ರರು ಹುಬ್ಬೇರಿಸುತ್ತಾರೆ. ಕಡಲತೀರವು ಬಿಸಿಲಿನ ದಿನಗಳ ವಿಹಾರಸ್ಥಾನವೆಂಬ ಕಲ್ಪನೆ ಎಲ್ಲಿಂದಲೋ ಬಂದು ನಮ್ಮಲ್ಲಿ ಬೇರೂರಿಬಿಟ್ಟಿದೆ. ಆದರೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರನ್ನು, ಆ ಮಳೆಯ ಬಹುಭಾಗ ಸುರಿಯುವ ನಾಲ್ಕು ತಿಂಗಳುಗಳನ್ನು ಬಿಟ್ಟು ನೋಡಿದವನು ನೋಡಿದ್ದೇನು? ಕಾಸರಕೋಡಿನ ಗಾಳಿಮರಗಳ ತೋಪಿನ ಅಂಚಿನಲ್ಲಿ, ಕೊಡೆಯನ್ನು ಗಾಳಿಗೆ ಒಪ್ಪಿಸಿ ಬರಿಗೈಯಲ್ಲಿ ನಿಂತಾಗ ಕಾಣುವುದು ನೀಲಿಯೂ ಅಲ್ಲದ ಹಸುರೂ ಅಲ್ಲದ, ಶರಾವತಿ ತಂದ ಕೆಮ್ಮಣ್ಣಿನಿಂದ ಕದಡಿದ ರಾಶಿರಾಶಿ ನೀರು. ದೂರದಲ್ಲೆಲ್ಲೋ ಒಂದು ಬಿಳಿಯ ಗೆರೆಯಾಗಿ ಹುಟ್ಟಿದ ತೆರೆಯು ದಡಕ್ಕೆ ಬರುವವರೆಗೆ ಮೂರು ಸಲ ಮುರಿದು ಮೂರು ಸಲ ಎದ್ದು, ಕೊನೆಗೆ ಅಡಂಬು ಬಳ್ಳಿಯ ಬುಡದವರೆಗೆ ಹರಿದುಬಂದು, ಹೋಗುವಾಗ ಕಾಲಡಿಯ ಮರಳನ್ನು ಸೆಳೆದುಕೊಂಡು ಹೋಗುತ್ತದೆ. ಚಳಿಗಾಲದಲ್ಲಿ ಮಕ್ಕಳು ಚೆಂಡಾಡಿದ್ದ ವಿಶಾಲವಾದ ಅಂಗಳ ಆಗ ಅಲ್ಲಿರುವುದೇ ಇಲ್ಲ. ಅದು ನಾಶವಾಯಿತೆಂದು ತಿಳಿಯಬೇಕಾಗಿಲ್ಲ. ಮಳೆಗಾಲದ ಕಡಿದಾದ ತೆರೆಗಳು ದಂಡೆಯ ಮರಳನ್ನು ಕೊರೆದೊಯ್ದು ತುಸು ದೂರದಲ್ಲಿ ನೀರಿನಡಿಯ ದಿಬ್ಬಗಳಾಗಿ ಕೂಡಿಹಾಕುತ್ತವೆ, ಸಪ್ಟಂಬರ್ ಕಳೆದ ಮೇಲೆ ಬರುವ ಸೌಮ್ಯವಾದ ನೀಳತೆರೆಗಳು ಅದೇ ಮರಳನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ತಂದು ಹಾಸುತ್ತವೆ. ಬ್ಯಾಂಕಿನಲ್ಲಿ ಇಟ್ಟ ಹಣದಂತೆ ಈ ಮರಳಿನ ಲೆಕ್ಕ. ಇಟ್ಟಷ್ಟೂ ಪ್ರತಿವರ್ಷ ಪೂರ್ತಿಯಾಗಿ ಬರುವುದೆಂಬ ಭರವಸೆ ಮಾತ್ರ ಇಲ್ಲ. ಅಳಿವೆಯ ಇಕ್ಕೆಲಗಳ ಹಳ್ಳಿಗಳಲ್ಲಿ ತೆಂಗಿನ ಮರಗಳು ಬೇರುಸಹಿತ ಕಡಲಿಗೆ ಉರುಳಿದ ಗುರುತುಗಳೂ, ಅವುಗಳ ಮುಂದೆ ರಾಶಿ ಹಾಕಿದ ಕಪ್ಪು ಬಂಡೆಗಳ ತಡೆಗೋಡೆಗಳೂ ಆ ಕೊರತೆಯ ಸಾಕ್ಷಿಗಳು.

ಈ ಋತುವಿನ ಹೊನ್ನಾವರಕ್ಕೆ ಒಬ್ಬ ಪ್ರಾಚೀನ ಸಾಕ್ಷಿಯಿದ್ದಾನೆ. 14ನೆಯ ಶತಮಾನದ ಮಧ್ಯದಲ್ಲಿ ಇಲ್ಲಿಗೆ ಬಂದ ಮೊರಕ್ಕೋ ದೇಶದ ಯಾತ್ರಿಕ ಇಬ್ನ್ ಬತೂತನು ಈ ಪಟ್ಟಣವನ್ನು ‘ಹಿನೌರ್’ ಎಂದು ಕರೆದು, ದೊಡ್ಡ ಹಡಗುಗಳು ಒಳಬರುವ ಹಿನ್ನೀರಿನ ಮೇಲೆ, ಸಮುದ್ರದಿಂದ ಅರ್ಧ ಮೈಲಿಯ ದೂರದಲ್ಲಿ ಊರು ಇರುವುದನ್ನೂ, ಮಳೆಗಾಲದ ನಾಲ್ಕು ತಿಂಗಳು ಮೀನು ಹಿಡಿಯುವುದಕ್ಕಲ್ಲದೆ ಬೇರಾವ ಕಾರಣಕ್ಕೂ ಯಾರೂ ಕಡಲಿಗಿಳಿಯಲಾರದಷ್ಟು ಅದು ಕ್ಷುಬ್ಧವಾಗಿರುವುದನ್ನೂ ಬರೆದಿಟ್ಟಿದ್ದಾನೆ. ಬಾಲಕಿಯರಿಗೆ 13, ಬಾಲಕರಿಗೆ 23 ಪಾಠಶಾಲೆಗಳನ್ನು ಅವನು ಇಲ್ಲಿ ಕಂಡನಂತೆ. ಅಂಥದನ್ನು ಬೇರೆಲ್ಲಿಯೂ ಕಾಣಲಿಲ್ಲವೆಂಬ ಆಶ್ಚರ್ಯವೂ ಆ ಬರಹದಲ್ಲಿದೆ. ಆದರೆ ನನಗೆ ಅವನ ಪುಟಗಳಲ್ಲಿ ಅತ್ಯಂತ ಪ್ರಿಯವಾದದ್ದು ಇಲ್ಲಿಯ ಸುಲ್ತಾನನ ಮನೆಯ ಊಟದ ವರ್ಣನೆ: ಅನ್ನ ಬಡಿಸಿ, ಅದರ ಮೇಲೆ ತುಪ್ಪ ಹಾಕಿ, ಮೆಣಸು, ಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿಯನ್ನಿಟ್ಟು, ಒಂದಾದ ಮೇಲೊಂದು ಪದಾರ್ಥಗಳು ಬಂದು, ಕಟ್ಟಕಡೆಗೆ ಮೊಸರಿನಿಂದ ಮುಗಿಯುವ ಊಟ. ಮಳೆಗಾಲದಲ್ಲಿ ತಣ್ಣೀರು ಆಗಿಬರದೆಂದು ಊಟದ ಮೇಲೆ ಬಿಸಿನೀರು ಕೊಡುತ್ತಿದ್ದರಂತೆ. ಏಳು ಶತಮಾನಗಳು ಸಮೀಪಿಸುತ್ತಿರುವಾಗ, ಆರಿದ್ರಾ ಮಳೆ ಹೊಡೆಯುತ್ತಿದ್ದ ಒಂದು ಮಧ್ಯಾಹ್ನ, ಬಂದರಿನ ಬಳಿಯ ಸಣ್ಣ ಖಾನಾವಳಿಯಲ್ಲಿ ಕುಚ್ಚಲಕ್ಕಿಯ ಅನ್ನವೂ ಒಣಶೆಟ್ಲಿಯ ಚಟ್ನಿಯೂ ಮುಗಿದ ಮೇಲೆ ಯಜಮಾನತಿಯು ಕೇಳದೆಯೇ ಹಬೆಯಾಡುವ ನೀರಿನ ತಂಬಿಗೆಯನ್ನು ತಂದಿಟ್ಟು “ಥಂಡಿ ನೀರು ಕುಡೀಬೇಡಿ ಮಾರಾಯ್ರೆ, ಮಳೆಗಾಲ” ಎಂದಾಗ, ಆ ಮೊರಕ್ಕೋದವನು ಸತ್ಯವನ್ನೇ ಬರೆದನೆಂಬುದರಲ್ಲಿ ನನಗೆ ಸಂದೇಹ ಉಳಿಯಲಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದು ಕಾನೂನಿನಿಂದ ನಿಷಿದ್ಧ. ಮೀನುಗಳು ಮೊಟ್ಟೆಯಿಡುವ ಕಾಲವೆಂಬುದು ಅದಕ್ಕೆ ಕಾರಣ. ಆ 61 ದಿನಗಳು ಹೊನ್ನಾವರದ ಬಂದರಿನಲ್ಲಿ ಬಣ್ಣಬಣ್ಣದ ಬೋಟುಗಳು ಒಂದಕ್ಕೊಂದು ಮೈಯೊತ್ತಿಕೊಂಡು ನಿಂತಿರುತ್ತವೆ. ಜಗಲಿಗಳಲ್ಲಿ ಬಲೆ ಹೆಣೆಯುವವರು, ಹರಿದುದನ್ನು ಹೊಲಿಯುವವರು. ಆಗಸ್ಟ್ ಬಂದು, ನೂಲುಹುಣ್ಣಿಮೆಯ ಸುಮಾರಿಗೆ ಖಾರ್ವಿ, ಹರಿಕಂತ್ರ, ಅಂಬಿಗರ ಕೇರಿಗಳವರು ಹೂವು ತೆಂಗಿನಕಾಯಿಗಳನ್ನು ಸಮುದ್ರರಾಜನಿಗೆ ಅರ್ಪಿಸಿದ ಮೇಲೆ ಆ ಬೋಟುಗಳು ಅಳಿವೆಯನ್ನು ದಾಟುವ ನೋಟವನ್ನು ಕಾಸರಕೋಡಿನ ಟೊಂಕದ ತುದಿಯಿಂದ ನೋಡಬೇಕು. ನದಿಯ ಪ್ರವಾಹವೂ ಕಡಲ ತೆರೆಯೂ ಎದುರುಬದುರಾಗುವ ಆ ಬಾಯಿಯಲ್ಲಿ ಎರಡೂ ತಂದ ಹೂಳು ಒಡ್ಡಾಗಿ ಬೆಳೆದಿದೆ. ಆಳವಾದ ದಾರಿ ಕಿರಿದು, ಅದೂ ವರ್ಷದಿಂದ ವರ್ಷಕ್ಕೆ ಜಾಗ ಬದಲಿಸುವಂಥದು. ಬೋಟು ಒಡ್ಡಿನ ಒಳಗೆ ಇಂಜಿನ್ ತಗ್ಗಿಸಿ ಕಾಯುತ್ತದೆ. ಚುಕ್ಕಾಣಿ ಹಿಡಿದವನು ದಡವನ್ನಾಗಲಿ ಸಂಗಡಿಗರನ್ನಾಗಲಿ ನೋಡದೆ ಪಶ್ಚಿಮದಲ್ಲಿಯೇ ದೃಷ್ಟಿ ನೆಟ್ಟಿರುತ್ತಾನೆ. ದೊಡ್ಡ ತೆರೆಗಳು ಗುಂಪಾಗಿ ಬಂದು ಒಡೆಯುತ್ತವೆ. ಆಮೇಲೆ ಒಂದು ಅಲ್ಪ ವಿರಾಮ. ಆ ವಿರಾಮದೊಳಕ್ಕೆ ಬೋಟು ಹೊಗೆಯುಗುಳುತ್ತ ನುಗ್ಗುತ್ತದೆ, ಮೂತಿ ಆಕಾಶಕ್ಕೆದ್ದು ತಳದ ಬಣ್ಣ ಕಾಣುತ್ತದೆ, ಮರುಕ್ಷಣ ಎಲ್ಲವೂ ನೊರೆಯಲ್ಲಿ ಮುಳುಗಿ ಧ್ವಜದ ಕೋಲು ಮಾತ್ರ ಉಳಿಯುತ್ತದೆ, ಮತ್ತೆ ಆಚೆಗೆ ತೇಲುತ್ತದೆ. ದಡದಲ್ಲಿ ನಿಂತಿದ್ದ ಹೆಂಗಸರು ಅಷ್ಟು ಹೊತ್ತು ನಿಲ್ಲಿಸಿದ್ದ ಮಾತನ್ನು ನಿಲ್ಲಿಸಿದ್ದಲ್ಲಿಂದಲೇ ಮುಂದುವರಿಸುತ್ತಾರೆ. ಈ ಅಳಿವೆಯಲ್ಲಿ ಮಗುಚಿದ ದೋಣಿಗಳ ಕಥೆ ಇಲ್ಲದ ಮನೆ ಟೊಂಕದಲ್ಲಿ ಸಿಗುವುದು ಕಷ್ಟ.

ಸಪ್ಟಂಬರ್ ಉತ್ತರಾರ್ಧದಿಂದ ನವಂಬರಿನವರೆಗಿನ ಕಾಲವು ಈ ತೀರದ ಸಮೃದ್ಧಿಯ ಕಾಲ. ಮಳೆಗಾಲದಲ್ಲಿ ಆಳದ ತಣ್ಣೀರು ಮೇಲೆದ್ದು ಬರುವಾಗ ಅದರೊಡನೆ ಪೋಷಕಾಂಶಗಳೂ ಬರುತ್ತವೆ. ಅವುಗಳಿಂದ ಸೂಕ್ಷ್ಮಜೀವಿಗಳ ಹೊಲವೇ ಬೆಳೆದು, ಅದನ್ನು ಮೇಯಲು ತಾರ್ಲೆ ಬಂಗಡೆಗಳ ಹಿಂಡುಗಳು ದಡದ ಸಮೀಪಕ್ಕೆ ಸರಿಯುತ್ತವೆ. ಹಿಂದೆ ಈ ಹಿಂಡುಗಳಿಗಾಗಿ ರಂಪಣಿ ಬೀಸುತ್ತಿದ್ದರು: ದೋಣಿಯೊಂದು ಬಲೆಯನ್ನು ಅರ್ಧಚಂದ್ರಾಕಾರವಾಗಿ ಕಡಲಲ್ಲಿ ಇಳಿಸಿ ಬಂದರೆ, ಊರಿಗೆ ಊರೇ ಎರಡು ಸಾಲಾಗಿ ದಡದಲ್ಲಿ ನಿಂತು ಅದರ ಎರಡು ತುದಿಗಳನ್ನು ಎಳೆಯುತ್ತಿತ್ತು, ಹಗ್ಗಕ್ಕೆ ಕೈಕೊಟ್ಟವರಿಗೆಲ್ಲ ಪಾಲು. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸಿನ್ ಬೋಟುಗಳು ಬಂದು ಹಿಂಡುಗಳನ್ನು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿ ಎತ್ತಲಾರಂಭಿಸಿದಂದಿನಿಂದ ರಂಪಣಿ ಕ್ಷೀಣಿಸಿತು. ಈಗಲೂ ಅದರ ಚಿಕ್ಕ ರೂಪವಾದ ಏಂಡಿ ಬಲೆಯನ್ನು ಎಳೆಯುವುದನ್ನು ಅದೃಷ್ಟವಿದ್ದರೆ ಬೆಳಗಿನ ಹೊತ್ತಿನಲ್ಲಿ ಕಾಣಬಹುದು. ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಗದ್ದಲವೆಬ್ಬಿಸುವ ಕಾಗೆ, ಹದ್ದು, ಬೆಳ್ಳಕ್ಕಿಗಳ ನಡುವೆ, ಬುಟ್ಟಿ ಹಿಡಿದ ಮುದುಕಿಯೊಬ್ಬಳು ಮೀನನ್ನಲ್ಲದೆ ಮೀನಿನೊಡನೆ ಬಂದ ಪ್ಲಾಸ್ಟಿಕ್ಕಿನ ಚೂರುಗಳನ್ನೂ ಬೇರೆ ಮಾಡುತ್ತ ಕುಳಿತಿರುತ್ತಾಳೆ. ಇದು ಮಾತ್ರ ಹಿಂದಿನ ರಂಪಣಿಯವರಿಗೆ ಇಲ್ಲದಿದ್ದ ಕೆಲಸ.

ಇದೇ ಋತುವಿನ ಕೊನೆಗೆ, ಚಂದ್ರನಿಲ್ಲದ ಕೆಲವು ರಾತ್ರಿಗಳಲ್ಲಿ, ಒಡೆಯುವ ತೆರೆಯ ಅಂಚು ತಣ್ಣನೆಯ ನೀಲಿ ಬೆಳಕಿನಿಂದ ಉರಿಯುವುದುಂಟು. ನಾಕ್ಟಿಲ್ಯೂಕ ಎಂಬ ಏಕಕೋಶಜೀವಿಯು ಅಲುಗಾಟಕ್ಕೆ ಸಿಕ್ಕಾಗ ಸೂಸುವ ಬೆಳಕು ಅದು. ಇಂಥ ದಿನ ಕಾಣುವುದೆಂದು ಯಾರೂ ಹೇಳಲಾರರು. ಅದನ್ನು ತೋರಿಸುತ್ತೇವೆಂದು ಹಣ ಕೇಳುವವರನ್ನು ನಂಬಬೇಡಿರಿ.

ದಶಂಬರ್, ಜನವರಿಗಳು ಪ್ರವಾಸಿಗಳ ತಿಂಗಳುಗಳು. ಆ ಕಾಲದ ಕಾಸರಕೋಡನ್ನು ಕುರಿತು ನಾನು ಹೆಚ್ಚು ಹೇಳಬೇಕಾದದ್ದಿಲ್ಲ. 2020ರಲ್ಲಿ ಪಡುಬಿದ್ರಿಯೊಡನೆ ಈ ತೀರಕ್ಕೂ ಬ್ಲೂ ಫ್ಲ್ಯಾಗ್ ಎಂಬ ಅಂತಾರಾಷ್ಟ್ರೀಯ ಮನ್ನಣೆ ದೊರೆಯಿತು. ಅಂದಿನಿಂದ ಅಲ್ಲಿ ಸ್ನಾನಗೃಹಗಳು, ಕಾವಲುಗಾರರು, ಮಕ್ಕಳ ಉಯ್ಯಾಲೆಗಳು ಎಲ್ಲವೂ ಕ್ರಮಬದ್ಧವಾಗಿವೆ. ಹತ್ತಿರದಲ್ಲಿಯೇ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿಯನ್ನು ಹಾಕಿದ್ದಾರೆ. ಬೇಲಿಯೊಳಗಿನ ಬೀಚಿಗಿಂತ ನನಗೆ ಅದೇ ಮೇಲೆನಿಸಿದೆ. ಇಳಿತದ ಸಮಯದಲ್ಲಿ ಅಲ್ಲಿ ಬಗ್ಗಿ ನೋಡಿದರೆ, ಕೆಸರಿನಿಂದ ಮೇಲೆದ್ದ ಉಸಿರುಬೇರುಗಳ ನಡುವೆ ಒಂದೇ ಒಂದು ದೊಡ್ಡ ಕೊಂಬುಳ್ಳ ಕೆಂಪು ಏಡಿಯು ಆ ಕೊಂಬನ್ನು ಯಾರನ್ನೋ ಕರೆಯುವವನ ಹಾಗೆ ಎತ್ತಿ ಇಳಿಸಿ ಮಾಡುತ್ತಿರುತ್ತದೆ. ಹಗಲು ಹೀಗೆ ಕಳೆದರೆ, ರಾತ್ರಿಗೆ ಯಕ್ಷಗಾನವಿದೆ. ದೀಪಾವಳಿಯಿಂದ ಮಳೆ ಹಿಡಿಯುವವರೆಗೆ ಮೇಳಗಳ ತಿರುಗಾಟದ ಕಾಲ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವೂ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕೀಚಕ ಭಸ್ಮಾಸುರಗಳೂ ಈ ತಾಲೂಕಿನವೇ. ಗುಣವಂತೆಯಲ್ಲಿ ಆಟ ನೋಡುವಾಗ ಭಾಗವತರು ಸ್ವರವನ್ನು ನಿಲ್ಲಿಸಿದ ಎಡೆಗಳಲ್ಲಿ ಸಮುದ್ರದ ಸದ್ದು ಕೇಳುತ್ತದೆ. ಹೋಟೆಲಿನ ಕೋಣೆಯಲ್ಲಿ ದೂರದರ್ಶನ ಹಚ್ಚಿಕೊಂಡು ಕೂರುವ ಪ್ರವಾಸಿಗಳನ್ನು ಕಂಡಾಗ ನನಗೆ ಕನಿಕರವೆನಿಸುವುದು ಇದಕ್ಕಾಗಿಯೇ.

ಇದೇ ಚಳಿಗಾಲದ ರಾತ್ರಿಗಳಲ್ಲಿ ಟೊಂಕದ ಮರಳಿಗೆ ಬೇರೆ ಅತಿಥಿಗಳೂ ಬರುತ್ತಾರೆ. ಆಲಿವ್ ರಿಡ್ಲಿ ಜಾತಿಯ ಕಡಲಾಮೆಯು ಹಿಂಗಾಲುಗಳಿಂದ ಗುಂಡಿ ತೋಡಿ ನೂರರ ಆಸುಪಾಸಿನಷ್ಟು ಮೊಟ್ಟೆಗಳನ್ನಿಟ್ಟು, ಮರಳು ಮುಚ್ಚಿ, ತಿರುಗಿ ನೋಡದೆ ಕಡಲಿಗೆ ಹೋಗುತ್ತದೆ. ಒಂದೂವರೆಯಿಂದ ಎರಡು ತಿಂಗಳೊಳಗೆ ಮರಿಗಳು ಹೊರಬೀಳುತ್ತವೆ. ಗೂಡನ್ನು ಮೊದಲು ಗುರುತಿಸುವವರು ಮೀನುಗಾರರ ಮಕ್ಕಳು. ಅರಣ್ಯ ಇಲಾಖೆಯವರು ಬಂದು ಅದರ ಸುತ್ತ ಬಲೆಯ ಬೇಲಿ ಹಾಕುತ್ತಾರೆ. ಆಮೆಯ ವಿಷಯವನ್ನು ಇಲ್ಲಿ ಎತ್ತಿದರೆ ಮಾತು ಬಂದರಿನ ವಿಷಯಕ್ಕೆ ಹೊರಳದೆ ಇರುವುದಿಲ್ಲ. ಇದೇ ಟೊಂಕದಲ್ಲಿ ಖಾಸಗಿ ವಾಣಿಜ್ಯ ಬಂದರನ್ನು ಕಟ್ಟುವ ಯೋಜನೆಯ ವಿರುದ್ಧ ಮೀನುಗಾರರು ಹಲವು ವರ್ಷಗಳಿಂದ ಹೋರಾಡುತ್ತಿದ್ದಾರೆ. ಅಳಿವೆಯ ಹೂಳನ್ನು ತೆಗೆದು ದಾರಿಯನ್ನು ಸುಗಮಗೊಳಿಸಿರೆಂದು ಬೇಡುತ್ತಿದ್ದವರೂ ಅವರೇ ಎಂಬುದನ್ನು ಮರೆತು, ಅವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ನ್ಯಾಯವಲ್ಲ. ಅವರು ಕೇಳಿದ್ದು ತಮ್ಮ ಬೋಟುಗಳಿಗೆ ದಾರಿಯನ್ನೇ ಹೊರತು ತಮ್ಮ ಅಂಗಳದಲ್ಲಿ ಅದಿರಿನ ಲಾರಿಗಳನ್ನಲ್ಲ. ಅತ್ತ ದಕ್ಷಿಣಕ್ಕೆ ಕೆಲವೇ ಮೈಲಿಗಳಲ್ಲಿ ಅಪ್ಸರಕೊಂಡ–ಮುಗಳಿಯ ಕಡಲನ್ನು ರಾಜ್ಯದ ಮೊದಲ ಸಾಗರ ವನ್ಯಜೀವಿಧಾಮವೆಂದು ಸಾರಿದ ಸರ್ಕಾರವೇ ಇತ್ತ ಇದನ್ನು ಹೇಗೆ ಸಮರ್ಥಿಸುತ್ತದೆಂಬುದು ನನಗೆ ಅರ್ಥವಾಗದ ಸಂಗತಿ.

ಅಂಗಳವೆಂದೆನಷ್ಟೆ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಟೊಂಕದ ಮರಳು ಅಕ್ಷರಶಃ ಅಂಗಳವಾಗಿ, ಕಣ್ಣು ಹರಿಯುವಷ್ಟು ದೂರ ಮೀನು ಒಣಗುತ್ತಿರುತ್ತದೆ. ಶೆಟ್ಲಿಯನ್ನು ಹರವುವ ರೀತಿ ಬೇರೆ, ಉಪ್ಪು ಹಾಕಿದ ಬಂಗಡೆಯ ರೀತಿ ಬೇರೆ. ತಲೆಗೆ ಟವೆಲು ಸುತ್ತಿಕೊಂಡ ಹೆಂಗಸರು ಬಿಸಿಲೇರುವ ಮುನ್ನ ಹರವಿ, ನಡುಹಗಲು ತಿರುವಿ, ಸಂಜೆ ಇಬ್ಬನಿ ಇಳಿಯುವ ಮೊದಲು ರಾಶಿ ಮಾಡಿ ಮುಚ್ಚುತ್ತಾರೆ. ಒಬ್ಬಾಕೆ ಒಂದು ಹಿಡಿ ಶೆಟ್ಲಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿ, ಮತ್ತೆ ಹರವಿದಳು. ಯಾಕೆಂದು ಕೇಳಿದ್ದಕ್ಕೆ “ಸದ್ದು ಬರೂದಿಲ್ಲ ನೋಡಿ, ಇನ್ನೊಂದು ಬಿಸ್ಲು ಬೇಕು” ಎಂದಳು. ಮಳೆಗಾಲದಲ್ಲಿ ಘಟ್ಟದ ಮೇಲೂ ಕೆಳಗೂ ಎಷ್ಟೋ ಮನೆಗಳ ಗಂಜಿಗೆ ರುಚಿ ಕೊಡುವುದು ಈ ಬಿಸಿಲುಗಳ ಲೆಕ್ಕಾಚಾರವೇ. ಸಂಜೆಗೆ ಪಡುಗಾಳಿ ಎದ್ದಾಗ ರಾವಣನ ಮೀಸೆ ಹುಲ್ಲಿನ ಮುಳ್ಳುಚೆಂಡುಗಳು ದಂಡೆಯುದ್ದಕ್ಕೂ ಉರುಳಿಕೊಂಡು ಓಡುತ್ತವೆ, ಅವುಗಳ ಹಿಂದೆ ಮಕ್ಕಳು ಓಡುತ್ತಾರೆ.

ಮೇ ತಿಂಗಳ ಸೆಖೆಯಲ್ಲಿ ನದಿಯನ್ನು ನೋಡುವುದಕ್ಕೂ ಒಂದು ಕಾರಣವಿದೆ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಂದಿನಿಂದ ಶರಾವತಿಯ ಹರಿವು ಋತುಮಾನಕ್ಕಿಂತ ಹೆಚ್ಚಾಗಿ ನಾಡಿನ ವಿದ್ಯುತ್ತಿನ ಬೇಡಿಕೆಯನ್ನು ಅನುಸರಿಸುತ್ತಿದೆ. ಬೇಸಗೆಯಲ್ಲಿಯೂ ವಿದ್ಯುದಾಗಾರಗಳಿಂದ ಹೊರಬಿದ್ದ ಸಿಹಿನೀರು ಅಳಿವೆಯವರೆಗೆ ಬರುತ್ತದೆ. ಸಿಹಿನೀರು ಹೆಚ್ಚಾದರೆ ಒಳಿತಲ್ಲವೆ ಎಂದರೆ, ಉಪ್ಪು ಏರುವ ಕಾಲವನ್ನು ನಂಬಿ ಬದುಕುವ ಚಿಪ್ಪುಜೀವಿಗಳಿಗೆ ಅದು ಒಳಿತಲ್ಲ. ಅಣೆಕಟ್ಟೇ ಇಲ್ಲದ ನೆರೆಯ ಅಘನಾಶಿನಿಯಲ್ಲಿ ಬಳಚು ಹೆಕ್ಕುವವರ ಹಿಂಡು ಇಳಿತದಲ್ಲೆಲ್ಲ ಕಾಣುವಾಗ, ಇಲ್ಲಿಯ ಕೆಸರುದಿಬ್ಬಗಳಲ್ಲಿ ಅಂಥ ಸಮೃದ್ಧಿಯಿಲ್ಲ. ಬೆಂಗಳೂರಿನಲ್ಲಿ ದೀಪ ಹಚ್ಚಿದವರಾರೂ ಇದನ್ನು ಎಣಿಸಿರಲಾರರು. ಅಪ್ಸರಕೊಂಡದ ಜಲಪಾತವಾದರೋ ಮೇ ತಿಂಗಳಲ್ಲಿ ಒದ್ದೆಯಾದ ಬಂಡೆ ಮಾತ್ರ. ಆದರೆ ಅದರ ಮೇಲಿನ ಗುಡ್ಡವನ್ನೇರಿದರೆ ಕಡಲೂ ಹಿನ್ನೀರೂ ತೆಂಗಿನ ತೋಟಗಳೂ ಒಂದೇ ನೋಟದಲ್ಲಿ ಸಿಗುತ್ತವೆ. ರಜೆಗೆ ತವರಿಗೆ ಬಂದ ಮಕ್ಕಳಿಂದ ತೀರ ತುಂಬಿರುವುದೂ, ಮನೆಮನೆಯಲ್ಲಿ ಮುರುಗಲು ಹಣ್ಣಿನ ಪಾನಕ ಸಿಗುವುದೂ ಆಗಲೇ.

ವರ್ಷಕ್ಕೊಂದೇ ಸಲ ಬರಬಲ್ಲವರು ಯಾವಾಗ ಬರಬೇಕೆಂದು ಕೇಳಿದರೆ, ಸಪ್ಟಂಬರಿನ ಕೊನೆಯ ಹತ್ತು ದಿನಗಳೆಂದು ನಾನು ಸಂಕೋಚವಿಲ್ಲದೆ ಹೇಳುವೆನು. ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಮೀನು ಬಂದಿರುತ್ತದೆ, ಪ್ರವಾಸಿಗಳು ಬಂದಿರುವುದಿಲ್ಲ. ಕಡಲಿಗೆ ಮಾತ್ರ ಆಗ ಇಳಿಯಬಾರದು, ಸೆಳೆತ ಇನ್ನೂ ಬಲವಾಗಿರುತ್ತದೆ. ಸಾಧ್ಯವಾದರೆ ರೈಲಿನಲ್ಲಿ ಬರುವುದು ಮೇಲು: ಇಲ್ಲಿಯ ಶರಾವತಿ ಸೇತುವೆಯು 2,065 ಮೀಟರುಗಳೊಡನೆ ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಮಂಗಳೂರಿನ ಕಡೆಯಿಂದ ಬರುವವರು ಎಡಗಡೆಯ ಕಿಟಕಿಯನ್ನು ಹಿಡಿಯಬೇಕು. ವಸತಿಗೆ ಪೇಟೆಯಲ್ಲಿ ಸಾಧಾರಣ ಲಾಡ್ಜುಗಳಿವೆ, ವೈಭವದವು ಕಡಮೆ. ನದಿಯ ಕಡೆಗೆ ಕಿಟಕಿಯಿರುವ ಕೋಣೆಯನ್ನು ಕೇಳಿ ಪಡೆಯಿರಿ. ಬೆಳಗಿನ ಜಾವಕ್ಕೆ ಬೋಟುಗಳ ಇಂಜಿನ್ ಸದ್ದಿಗೆ ನಿದ್ರೆ ಕೆಡುವುದೆಂದು ಲಾಡ್ಜಿನವರು ಎಚ್ಚರಿಸುತ್ತಾರೆ, ಕೆಡುವುದೂ ನಿಜ.